ಹೊಳೆದಂಡೆಯ ಹಲಗೆ

ತಲಕಾಡಿನ ಹೊಳೆಯ ದಂಡೆಯಲ್ಲಿ, ಮರಳಿನ ಮೇಲೆ ನಾಲ್ಕು ಗಳುಗಳನ್ನು ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ, ಸೌತೆಕಾಯಿಯನ್ನೂ ಸೀಬೆಹಣ್ಣನ್ನೂ ಹೆಚ್ಚಿ ಉಪ್ಪುಖಾರ ಸವರಿ ಮಾರುತ್ತ ಕುಳಿತಿದ್ದ ಒಬ್ಬ ಮುದುಕಿಯ ಮುಂದೆ ಕಳೆದ ಮಾಘಮಾಸದ ಒಂದು ಭಾನುವಾರ ನಿಂತಿದ್ದಾಗ ನಾನು ಕಂಡ ಒಂದು ಹಲಗೆಯ ವಿಚಾರವನ್ನು ಓದುಗರಿಗೆ ತಿಳಿಸಿದ ಹೊರತು ನನಗೆ ಸಮಾಧಾನವಿಲ್ಲ. ಆ ಹಲಗೆ ಎರಡು ಸಾಲು ಇಟ್ಟಿಗೆಗಳ ಮೇಲೆ ಅಡ್ಡಲಾಗಿ ಮಲಗಿದ್ದಿತು. ವರ್ಷಗಟ್ಟಲೆ ಚಾಕುವಿನ ಗೀರುಗಳನ್ನು ತಿಂದು, ಉಪ್ಪುನೀರು ಕುಡಿದು, ಅದರ ಮೇಲ್ಮೈ ಬೆಳ್ಳಗೆ ಸವೆದಿದ್ದಿತು. ಕೈಯಿಂದ ಜಾರಿದ ನಾಣ್ಯವೊಂದನ್ನು ಹುಡುಕಲೆಂದು ಬಗ್ಗಿದವನಿಗೆ ಅದರ ಕೆಳಮೈಯಲ್ಲಿ ಕೆಂಪು ಬಣ್ಣದ ದಪ್ಪ ಅಕ್ಷರಗಳು ತಲೆಕೆಳಗಾಗಿ ಕಂಡುವು. ನನ್ನ ಕುತೂಹಲವನ್ನು ಕಂಡು ಆಕೆ ಕಾಯಿಗಳನ್ನು ಮಂಕರಿಗೆ ತುಂಬಿ, ಹಲಗೆಯನ್ನು ಎತ್ತಿ, ಸೆರಗಿನಿಂದ ಒರಸಿ, ನನ್ನತ್ತ ತಿರುಗಿಸಿ ಹಿಡಿದಳು: ನಿಮ್ಮೂರಿಗೆ ನಾವು ಬರುವುದಿಲ್ಲ, ನಮ್ಮೂರಿಗೆ ನೀವು ಬರಬೇಡಿ. ಇಂತಿ ಗ್ರಾಮಸ್ಥರು.

‘ಇದು ಯಾವ ಕಾಲದ್ದು, ತಾಯಿ?’ ಎಂದೆ.

‘ಕೊರೊನಾ ಕಾಲದ್ದು ಸ್ವಾಮಿ. ಇಲ್ಲೇ ಆಚೆ ನಮ್ಮೂರು. ಊರ್ ಬಾಗ್ಲಲ್ಲಿ ನೆಟ್ಟಿದ್ರು. ನಮ್ ಮಗನೇ ಮೊಳೆ ಹೊಡ್ದಿದ್ದು. ಒಳ್ಳೆ ಹಲ್ಗೆ, ಒಲೆಗಾಕಕೆ ಮನ್ಸ್ ಬರ್ಲಿಲ್ಲ.’

ಮಗನು ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ತನ್ನ ತೆಪ್ಪವನ್ನು ಬೋರಲು ಹಾಕಿಕೊಂಡು ಅದರ ತಳಕ್ಕೆ ಟಾರು ಬಳಿಯುತ್ತಿದ್ದನು. ಭಾನುವಾರದ ಪ್ರವಾಸಿಗರನ್ನು ತೆಪ್ಪದಲ್ಲಿ ಕೂರಿಸಿ ಹೊಳೆಯ ನಡುವೆ ಗಿರ್ರೆಂದು ತಿರುಗಿಸಿ, ಮಕ್ಕಳು ಕಿರಿಚಿ ನಗುವಂತೆ ಮಾಡಿ, ಮತ್ತೆ ದಡ ಮುಟ್ಟಿಸುವುದೇ ಅವನ ಜೀವನೋಪಾಯ. ಬರುವವರಿಂದಲೇ ಬದುಕುವ ಆ ಕೈಯೇ ಬರಬೇಡಿರೆಂಬ ಹಲಗೆಗೆ ಮೊಳೆ ಹೊಡೆದುದು ಹೇಗೆಂಬ ಪ್ರಶ್ನೆ ಆ ಕ್ಷಣದಿಂದ ನನ್ನನ್ನು ಬಿಡದಾಯಿತು.

ಮೈಸೂರಿನವರಿಗೆ ತಲಕಾಡನ್ನು ಪರಿಚಯಿಸಬೇಕಾದುದಿಲ್ಲ. ಸಮುದ್ರವಿಲ್ಲದ ನಮಗೆ ಸಮುದ್ರತೀರವೆಂದರೆ ಅದೇ. ಮೊಸರನ್ನದ ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಟು, ಮರಳಿನಲ್ಲಿ ಕಾಲು ಸುಟ್ಟುಕೊಂಡು ದೇವಸ್ಥಾನಗಳನ್ನು ಸುತ್ತಿ, ಹೊಳೆಯಲ್ಲಿ ಮಿಂದು, ಸಂಜೆಗೆ ಬಟ್ಟೆಯ ಮಡಿಕೆಗಳಲ್ಲೆಲ್ಲ ಮರಳನ್ನು ಹೊತ್ತುಕೊಂಡು ಮನೆ ಸೇರುವ ಸಂತೋಷ ನನ್ನ ಬಾಲ್ಯದ್ದು. ಆದರೆ ಆ ಮರಳಿನ ವಿಷಯ ಬಂದಿತೆಂದರೆ ನನ್ನ ಲೇಖನಿ ಬೇರೆ ಕಡೆಗೆ ಹರಿಯದು, ಓದುಗರು ಕ್ಷಮಿಸಬೇಕು. ಗಂಗರ ರಾಜಧಾನಿಯಾಗಿ, ಚೋಳರ ಕೈಗೆ ಸಿಕ್ಕಿ ರಾಜರಾಜಪುರವಾಗಿ, ವಿಷ್ಣುವರ್ಧನನು ಚೋಳರನ್ನು ಗೆದ್ದ ಸ್ಮರಣೆಗಾಗಿ 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ ಸ್ಥಳವಾಗಿ ಮೆರೆದ ಈ ಪಟ್ಟಣ ಮರಳಿನಲ್ಲಿ ಮುಳುಗಿದುದಕ್ಕೆ ಅಲಮೇಲಮ್ಮನ ಶಾಪವೇ ಕಾರಣವೆಂದು ಎಲ್ಲರೂ ಬಲ್ಲರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ಮೇಲೆ, ಒಡವೆಗಾಗಿ ಬೆನ್ನಟ್ಟಿದವರನ್ನು ಶಪಿಸಿ ಆಕೆ ಮಾಲಂಗಿಯ ಮಡುವಿಗೆ ಹಾರಿದಳೆಂಬ ಆ ಕಥೆಯಲ್ಲಿ ಕರುಣರಸ ಎಷ್ಟಿದ್ದರೂ, ಅದರ ಮೇಲೆ ಇಷ್ಟು ಮರಳಿನ ಭಾರವನ್ನು ಹೊರಿಸಲು ನನ್ನ ಮನಸ್ಸು ಒಪ್ಪದು. ಹದಿನಾಲ್ಕನೆಯ ಶತಮಾನದಲ್ಲಿಯೇ ಮೇಲ್ಹೊಳೆಯಲ್ಲಿ ಮಾಧವಮಂತ್ರಿಯ ಅಣೆಕಟ್ಟು ನಿಂತು ಪ್ರವಾಹವನ್ನು ತಗ್ಗಿಸಿದ ಮೇಲೆ, ಹೊಳೆಯ ತಿರುವಿನಲ್ಲಿ ಬಯಲಾದ ಮರಳಿನ ದಿಬ್ಬಗಳನ್ನು ನೈಋತ್ಯದ ಮುಂಗಾರು ಗಾಳಿ ಊರಿನ ಮೇಲಕ್ಕೆ ತೂರತೊಡಗಿತೆಂಬ ವಿವರಣೆಯೇ ನನಗೆ ಹೆಚ್ಚು ಹಿಡಿಸುತ್ತದೆ. ಆ ದಿಬ್ಬಗಳು ವರ್ಷಕ್ಕೆ 9–10 ಅಡಿಗಳಂತೆ ಮುಂದುವರಿದು, ಮೂರು ಕಡೆಯಿಂದ ಊರನ್ನು ಮುತ್ತಿ, ಜನರು ಮನೆಗಳನ್ನು ಬಿಟ್ಟು ಬಿಟ್ಟು ಹಿಂದೆ ಸರಿಯಬೇಕಾಯಿತೆಂದೂ, 30ಕ್ಕೂ ಹೆಚ್ಚು ದೇವಾಲಯಗಳು ಅಡಿಯಲ್ಲಿ ಹುದುಗಿಹೋದುವೆಂದೂ ಬಿ. ಎಲ್. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಬೇಡದ ಅತಿಥಿಗೆ ಸ್ಥಳ ಬಿಟ್ಟುಕೊಡುತ್ತ ಬಂದ ಈ ಸೀಮೆಯ ಜನ 2020ರಲ್ಲಿ ಅತಿಥಿಗೆ ಬೇಡವೆಂದರಷ್ಟೆ.

ಈಗ ಹಲಗೆಗೆ ಬರೋಣ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಮರುದಿನವೇ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ತೋರಿ, ಕೆಲವೇ ವಾರಗಳಲ್ಲಿ ಜಿಲ್ಲೆಯ ಹೆಸರು ರಾಜ್ಯದ ಬಾಯಿಗೆ ಬಿದ್ದಿತು. ಹಳ್ಳಿಹಳ್ಳಿಗಳಲ್ಲಿಯೂ ಊರಬಾಗಿಲಿಗೆ ಜಾಲಿಮುಳ್ಳು ಬಡಿದು, ಮರದ ದಿಮ್ಮಿ ಉರುಳಿಸಿ, ತಮಟೆ ಬಾರಿಸಿ ಸಾರಿದ ದಿನಗಳವು. ಸರ್ಕಾರಗಳೇ ಗಡಿಯಲ್ಲಿ ಹಾಗೆ ಮಾಡಿದ ಮೇಲೆ ಹಳ್ಳಿಗರನ್ನು ಅನ್ನುವುದೇನು? ಕೊಡಗಿನ ಮಾಕುಟ್ಟದ ದಾರಿಗೆ ಮಣ್ಣು ಸುರಿದುದನ್ನೂ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟುದನ್ನೂ ಕನ್ನಡಿಗರು ಮರೆತಿರಲಾರರು.

ಬಂದ್ ಇದ್ದಷ್ಟು ದಿನ ಜಗಳವಿರಲಿಲ್ಲವೆಂದು ಆ ಅಂಬಿಗನು ಹೇಳಿದನು. ಜಗಳ ಹುಟ್ಟಿದುದು ಬಾಗಿಲು ತೆರೆದಾಗ. ಜೂನ್ 8ರಂದು ದೇವಸ್ಥಾನಗಳು ತೆರೆದ ಮೇಲೆ, ಎರಡೂವರೆ ತಿಂಗಳು ಮನೆಯೊಳಗೆ ಕೊಳೆತ ನಗರದ ಜನ ಗಾಳಿಗಾಗಿ, ನೀರಿಗಾಗಿ ಹಾತೊರೆದು ಹೊರಬಿದ್ದರು. ಆ ಹಾತೊರೆಯುವಿಕೆ ನಮ್ಮದು ಮಾತ್ರವಲ್ಲ; ಅದೇ ಜೂನ್ 25ರಂದು ಇಂಗ್ಲೆಂಡಿನ ಬೋರ್ನ್‌ಮೌತ್ ಎಂಬ ಕಡಲೂರಿನ ದಂಡೆಗೆ ಜನ ಸಾಗರೋಪಾದಿಯಲ್ಲಿ ನುಗ್ಗಿ, ಅಲ್ಲಿಯ ಪುರಸಭೆ ತುರ್ತು ಪರಿಸ್ಥಿತಿಯನ್ನೇ ಸಾರಬೇಕಾಯಿತು. ನಮ್ಮ ಹೊಳೆದಂಡೆಗೆ ಅಷ್ಟು ಜನ ಬಂದಿರಲಾರರು. ಬಂದವರೆಷ್ಟೆಂಬುದಕ್ಕಿಂತ, ಬಂದವರಲ್ಲಿ ಒಬ್ಬನು ಕೆಮ್ಮಿದರೆ ಅದರ ಗತಿಯೇನೆಂಬುದೇ ಊರಿನವರ ಚಿಂತೆ. ‘ನಮ್ಗೆ ಇರದು ಒಂದ್ ಸಣ್ಣಾಸ್ಪತ್ರೆ ಸಾ. ಉಸಿರು ಕಟ್ಟಿದ್ರೆ ಮೈಸೂರ್‌ಗೇ ಹೋಗ್ಬೇಕು. ಕೊರೊನಾದವ್ರಿಗೆ ಅಂತ ಇದ್ದ ದೊಡ್ಡಾಸ್ಪತ್ರೆ ಕೆ.ಆರ್.ಎಸ್. ರೋಡಲ್ಲಿ. ಬಂದೋರು ಸಂಜೀಕೆ ಅದ್ರ ಪಕ್ಕದಲ್ಲೇ ಹೋಗಿ ಮಲೀಕತಾರೆ. ನಾವು ಇಲ್ಲಿ’ ಎಂದು ಅವನು ಬಳಿಯುತ್ತಿದ್ದ ಕೈಯನ್ನು ನಿಲ್ಲಿಸಿ ಹೇಳಿದನು. ಇದಕ್ಕಿಂತ ಸರಿಯಾದ ಲೆಕ್ಕವನ್ನು ಆ ಕಾಲದ ಯಾವ ಭಾಷಣದಲ್ಲಿಯೂ ನಾನು ಕೇಳಲಿಲ್ಲ. ಅವನ ತಂದೆಗೆ ದಮ್ಮು ಇದ್ದಿತು. ಹಲಗೆಗೆ ಮೊಳೆ ಹೊಡೆದ ಕೈಗೆ ಕಾರಣ ಅದೇ.

ಭಾನುವಾರಗಳಂದು ಮುಳ್ಳಿನ ಬಳಿ ಕಾವಲು ನಿಲ್ಲುವ ಸರದಿ ಅವನಿಗೂ ಬರುತ್ತಿದ್ದಿತು. ದೂರದಿಂದಲೇ ಕಾರುಗಳ ನಂಬರು ಓದುತ್ತಿದ್ದನಂತೆ: 09, 55 ಎಂದರೆ ಮೈಸೂರು, ಉಳಿದುವು ಬಹುಮಟ್ಟಿಗೆ ಬೆಂಗಳೂರು. ಮೊದಮೊದಲು ಮೈಸೂರಿನ ಗಾಡಿಗಳವರೊಡನೆ ಮೃದುವಾಗಿ ಮಾತನಾಡುತ್ತಿದ್ದವರು, ಮರುವರ್ಷ ಎರಡನೆಯ ಅಲೆ ಬಂದು ಬಹುತೇಕ ಜಿಲ್ಲೆಗಳು ಬಿಡುಗಡೆಗೊಂಡರೂ ಮೈಸೂರು 2021ರ ಜುಲೈ 5ರವರೆಗೆ ನಿರ್ಬಂಧದಲ್ಲಿಯೇ ಉಳಿದಾಗ, 09 ಕಂಡರೇ ಹೆದರುವಂತಾದರು. ಒಂದು ಭಾನುವಾರ ಬಂದ ಕಾರಿನಲ್ಲಿ ಪ್ರತಿವರ್ಷವೂ ಅವನ ತೆಪ್ಪವನ್ನೇ ಕೇಳಿಕೊಂಡು ಬರುವ ಸಂಸಾರವಿದ್ದಿತು. ಹಿಂದಿನ ಸೀಟಿನ ಹುಡುಗಿ ಅವನನ್ನು ಗುರುತು ಹಿಡಿದು, ಗಾಜಿಳಿಸಿ, ‘ತೆಪ್ಪದ ಮಾಮ’ ಎಂದು ಕರೆದಳು. ಅವನು ಕೈಯಲ್ಲಿ ಕೋಲು ಹಿಡಿದು ನಿಂತಿದ್ದನು. ‘ಆಯ್ತು, ಹಿಂದಕ್ಕೋಗಿ’ ಎಂದಷ್ಟೇ ಅಂದು ಮುಖ ತಿರುಗಿಸಿದನಂತೆ.

‘ಅವತ್ತು ಮಗ ಉಣ್ಲಿಲ್ಲ ಸ್ವಾಮಿ’ ಎಂದು ಮುದುಕಿ ಚಪ್ಪರದಿಂದಲೇ ಕೂಗಿ ಹೇಳಿದಳು.

ಆ ವೇಳೆಗೆ ಅವನ ತೆಪ್ಪ ಹೊಳೆ ಕಾಣದೆ ತಿಂಗಳುಗಳಾಗಿದ್ದುವು. ತೆಪ್ಪವನ್ನು ಹತ್ತಿರದಿಂದ ನೋಡಿದವರು ಬಲ್ಲರು, ಅದು ನೀರಿನಲ್ಲಿದ್ದರೆ ಬದುಕುವ ವಸ್ತು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ಕು ಗೋಣಿಯನ್ನೂ ಹೊದಿಸಿ, ಮೇಲೆ ಟಾರು ಬಳಿಯುತ್ತಾರೆ. ಬಿಸಿಲಿನಲ್ಲಿ ಸುಮ್ಮನೆ ಬಿದ್ದರೆ ಟಾರು ಬಿರಿಯುತ್ತದೆ, ಬಿದಿರು ಒಣಗಿ ಕಟ್ಟು ಸಡಿಲುತ್ತದೆ. ನಾನು ಹೋದ ದಿನ ಅವನು ಮೂರು ಕಲ್ಲಿನ ಒಲೆಯ ಮೇಲೆ ತಗಡಿನ ಡಬ್ಬದಲ್ಲಿ ಟಾರು ಕಾಯಿಸಿ, ಕೋಲಿನ ತುದಿಗೆ ಗೋಣಿಯ ಚಿಂದಿ ಸುತ್ತಿ ಅದ್ದಿ ಅದ್ದಿ, ಬಿರುಕು ಬಿರುಕಿಗೂ ಒತ್ತಿ ತುಂಬುತ್ತಿದ್ದನು. ತುಂಬಿದೆಡೆಯಲ್ಲಿ ಹೆಬ್ಬೆರಳಿನಿಂದ ಒಮ್ಮೆ ಸವರಿ ಪರೀಕ್ಷಿಸುತ್ತಿದ್ದನು. ಆ ಹೆಬ್ಬೆರಳು ಉಗುರಿನವರೆಗೆ ಕಪ್ಪಾಗಿದ್ದಿತು. ಆ ವರ್ಷ ಹಳೆಯ ತೆಪ್ಪ ಹಾಗೆಯೇ ಬಿರಿದು ಹಾಳಾಯಿತೆಂದೂ, ಇದು ಸಾಲ ಮಾಡಿ ಹೆಣೆಸಿದ ಹೊಸದೆಂದೂ ತಿಳಿಯಿತು. ಮನೆಯ ಒಂದು ಮೂಲೆಯಲ್ಲಿ ತಂದೆಯ ದಮ್ಮು, ಇನ್ನೊಂದರಲ್ಲಿ ಬರಿದಾದ ರಾಗಿಯ ಮೊರ; ಬರುವವನು ಬಂದರೂ ಭಯ, ಬಾರದಿದ್ದರೂ ಭಯ. ಪತ್ರಿಕೆಗಳಲ್ಲಿ ನಾವು ಊರಿನವರಿಗೂ ಪ್ರವಾಸಿಗರಿಗೂ ಘರ್ಷಣೆಯೆಂದು ಓದಿದೆವು. ಆ ಘರ್ಷಣೆ ನಡೆದುದು ಮುಳ್ಳುಬೇಲಿಯ ಎರಡು ಪಕ್ಕಗಳಲ್ಲಿ ಅಲ್ಲ. ಬೇಲಿಯ ಒಳಗಿನ ಒಂದೊಂದು ಮನೆಯಲ್ಲಿ, ಒಬ್ಬೊಬ್ಬನ ಎದೆಯಲ್ಲಿ ಎಂಬುದನ್ನು ಆ ಟಾರಿನ ಹೊಗೆಯಲ್ಲಿ ನಿಂತು ನಾನು ತಿಳಿದೆನು.

ಇದರಲ್ಲಿ ಹೊಸತೇನೂ ಇಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಮೈಸೂರಿಗೂ ಬಂದಾಗ ರೈಲಿನ ಪ್ರಯಾಣಿಕರ ತಪಾಸಣೆ, ಊರ ಹೊರಗಿನ ಗುಡಿಸಲು, ಪ್ಲೇಗು ಕಮಿಷನರಾಗಿದ್ದ ವಿ. ಪಿ. ಮಾಧವರಾಯರ ಕಟ್ಟುನಿಟ್ಟು, ಎಲ್ಲವನ್ನೂ ಈ ಸೀಮೆ ಕಂಡಿದೆ. ಆ ಭೀತಿಯ ಬಳಿಕವೇ 1903ರಲ್ಲಿ ಮೈಸೂರಿನ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿ, ಇಂದಿನ ಅಗಲವಾದ ಬೀದಿಗಳು ನಮಗೆ ದೊರೆತುವು. ನನ್ನ ಅಜ್ಜಿ ಚಿಕ್ಕವಳಿದ್ದಾಗ, ಇಲಿ ಬಿದ್ದಿತೆಂದು ಅವರ ಸಂಸಾರ ಮೈಸೂರು ಬಿಟ್ಟು ಹಳ್ಳಿಯ ನೆಂಟರಲ್ಲಿಗೆ ಹೋದರೆ, ಆ ನೆಂಟರು ಊರೊಳಕ್ಕೆ ಕರೆಯದೆ ಹೊಲದ ಗುಡಿಸಲನ್ನು ತೋರಿಸಿ, ದಿನವೂ ಕೆರೆಯೇರಿಯ ಮೇಲೆ ಅನ್ನದ ಪಾತ್ರೆಯನ್ನಿಟ್ಟು ಹಿಂದಿರುಗುತ್ತಿದ್ದರಂತೆ. ಅಜ್ಜಿ ಅದನ್ನು ಹೇಳುವಾಗ ನೆಂಟರನ್ನು ಎಂದೂ ದೂರಲಿಲ್ಲ. ಪಾತ್ರೆಯ ಮೇಲೆ ದಿನವೂ ಬಾಳೆಲೆ ಮುಚ್ಚಿರುತ್ತಿದ್ದಿತೆಂಬುದನ್ನೇ ನೆನೆಯುತ್ತಿದ್ದಳು.

ಹಳ್ಳಿಗರ ಹಲಗೆಯನ್ನು ಕಂಡು ನೊಂದ ಮೈಸೂರಿಗರು 2020ರ ದಸರೆಯನ್ನೂ ನೆನೆಯಬೇಕು. ಆಷಾಢ ಶುಕ್ರವಾರಗಳಂದು ಚಾಮುಂಡಿಬೆಟ್ಟವನ್ನು ಭಕ್ತರಿಗೆ ಮುಚ್ಚಿದ ನಾವು, ಅಕ್ಟೋಬರ್ 26ರ ಜಂಬೂಸವಾರಿಯನ್ನು ಅರಮನೆಯ ಆವರಣದಾಚೆಗೆ ಬಿಡದೆ, 300 ಜನರ ಮುಂದೆ ಮುಗಿಸಿದೆವು. ಅಭಿಮನ್ಯುವು ಮೊದಲ ಬಾರಿಗೆ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತು ನಡೆದುದನ್ನು ಬನ್ನಿಮಂಟಪದ ದಾರಿಯ ಇಕ್ಕೆಲಗಳ ಮರಗಳು ಕಾಣಲಿಲ್ಲ. ಆತಿಥ್ಯವನ್ನೇ ಬಾಳಾಗಿ ಮಾಡಿಕೊಂಡ ನಗರವೂ ಬರಬೇಡಿರೆಂದಿತು. ನಮ್ಮ ಟಾಂಗಾವಾಲರೂ ಆ ಅಂಬಿಗನಂತೆಯೇ ಕುಳಿತರು.

ತಲಕಾಡಿಗೂ ಅದೇ ವರ್ಷ ದೊಡ್ಡ ಪರೀಕ್ಷೆ ಒದಗಿತು. ಕಾರ್ತೀಕ ಮಾಸದ ಅಮಾವಾಸ್ಯೆ ಸೋಮವಾರವಾಗಿ, ಸೂರ್ಯಚಂದ್ರರಿಬ್ಬರೂ ವೃಶ್ಚಿಕದಲ್ಲಿ ಕೂಡುವ ಯೋಗ ಬಂದಾಗ ನಡೆಯುವ ಪಂಚಲಿಂಗ ದರ್ಶನ 2013ರ ಬಳಿಕ ಅಂದು ಬಂದಿತು, 2020ರ ಡಿಸೆಂಬರ್ 14ರಂದು. ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ: ಐವರನ್ನೂ ಒಂದೇ ದಿನ ಕಾಣಲು ಲಕ್ಷಾಂತರ ಜನ ಸೇರುವ ಈ ಪರ್ವ ಮಿತವಾದ ಜನದಲ್ಲಿ, ಸರಳವಾಗಿ ಮುಗಿಯಿತು. ಐವರಲ್ಲಿ ಮೊದಲನೆಯವನ ಹೆಸರೇ ವೈದ್ಯರ ಈಶ್ವರ. ‘ವೈದ್ಯನಾಥನ ಊರಲ್ಲೇ ರೋಗಕ್ಕೆದರ್ಕೊಂಡು ಕೂತಿದ್ವಿ’ ಎಂದು ಮುದುಕಿ ಆ ದಿನವನ್ನು ನೆನೆದು ಕೈಮುಗಿದಳು. ಅವಳ ಗಂಡನು ಆ ಎರಡು ವರ್ಷಗಳನ್ನೂ ದಾಟಿ, ಬಳಿಕ ತನ್ನ ಹಾಸಿಗೆಯ ಮೇಲೆಯೇ ತೀರಿಕೊಂಡನಂತೆ. ಹಲಗೆ ತನ್ನ ಕೆಲಸವನ್ನು ಮಾಡಿದ್ದಿತು.

ಹೊರಡುವ ಮುನ್ನ ನನಗೊಂದು ಯೋಚನೆ ಹೊಳೆಯಿತು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ನೇಗಿಲು, ಬೊಂಬೆ, ರಥಗಳನ್ನು ಕಾಪಾಡಿಟ್ಟಿರುವಂತೆ ಇಂಥ ಹಲಗೆಯೊಂದನ್ನೂ ಏಕೆ ಇರಿಸಬಾರದು? ನೂರು ವರ್ಷಗಳ ಮೇಲೆ ಬರುವವರಿಗೆ ನಮ್ಮ ಕಾಲವನ್ನು ತಿಳಿಸಲು ಇದಕ್ಕಿಂತ ಯೋಗ್ಯವಾದುದು ಮತ್ತೊಂದಿರಲಾರದು. ಹೊಸ ಹಲಗೆಯೊಂದನ್ನು ಮಾಡಿಸಿಕೊಡುತ್ತೇನೆ, ಇದನ್ನು ನನಗೆ ಕೊಡು ತಾಯಿ ಎಂದು ಕೇಳಿದೆನು.

ಆಕೆ ಒಂದು ಗಳಿಗೆ ಮಗನ ಕಡೆ ನೋಡಿದಳು. ಆಮೇಲೆ ತಲೆಯಾಡಿಸಿದಳು.

‘ಬ್ಯಾಡ ಸ್ವಾಮಿ. ನಾಳೀಕೆ ಮತ್ತೆ ಬಂದ್ರೆ?’

ದಿಬ್ಬದ ಮೇಲಿಂದ ಒಂದು ಸಂಸಾರ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಬಿಸಿ ಮರಳಿನಲ್ಲಿ ಹಾರುತ್ತ ಇಳಿದು ಬರುತ್ತಿದ್ದಿತು. ಮುದುಕಿ ಅಕ್ಷರದ ಮೈಯನ್ನು ಕೆಳಗೆ ಮಾಡಿ ಹಲಗೆಯನ್ನು ಇಟ್ಟಿಗೆಗಳ ಮೇಲೆ ಸರಿಯಾಗಿ ಕೂರಿಸಿ, ಮಂಕರಿಯಿಂದ ನಾಲ್ಕು ಸೌತೆಕಾಯಿ ತೆಗೆದಿಟ್ಟು, ‘ಬನ್ನಿ ಮಕ್ಕಳೇ, ನೆಳ್ಳಿಗ್ ಬನ್ನಿ’ ಎಂದು ಕರೆದಳು.