ಹುರುಳಿಗಿಂತ ಹೊಳಪು ಹೆಚ್ಚಿದ್ದೂ ಗೆದ್ದ ‘ಕೆಜಿಎಫ್’

ಕತೆಯಲ್ಲಿ ಹೊಸತೇನೂ ಇಲ್ಲವೆಂದು ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾದರೂ ಪ್ರೇಕ್ಷಕರನ್ನು ಕೊನೆಯವರೆಗೆ ಕೂರಿಸಿ, ನಿರೀಕ್ಷೆಗಿಂತ ಚೆನ್ನಾಗಿತ್ತೆಂಬ ಮಾತು ಹೊರಡಿಸುವ ಸಾಹಸಚಿತ್ರಗಳದ್ದೇ ಒಂದು ವರ್ಗವಿದ್ದು, ಕನ್ನಡದಲ್ಲಿ ಅದಕ್ಕೆ ದೊಡ್ಡ ಉದಾಹರಣೆಯೆಂದರೆ 2018ರ ಡಿಸೆಂಬರ್ 21ರಂದು ತೆರೆಕಂಡ ‘ಕೆಜಿಎಫ್: ಚಾಪ್ಟರ್ 1’. ಹಾಸನ ಜಿಲ್ಲೆಯ ಭುವನಹಳ್ಳಿಯಲ್ಲಿ ಹುಟ್ಟಿ, ಕಿರುತೆರೆಯ ಧಾರಾವಾಹಿಗಳಿಂದ ಹಿರಿತೆರೆಗೆ ಬಂದ ಯಶ್ ಇದರ ನಾಯಕರಾಗಿದ್ದರೆ, ನಿರ್ದೇಶಕ ಪ್ರಶಾಂತ್ ನೀಲ್ ಅವರ ಹೆಸರಿನಲ್ಲಿ ಅಲ್ಲಿಯವರೆಗೆ ಇದ್ದದ್ದು ‘ಉಗ್ರಂ’ (2014) ಒಂದೇ ಚಿತ್ರ. ಐದು ಭಾಷೆಗಳಲ್ಲಿ ಬಿಡುಗಡೆಯಾದ ಈ ಚಿತ್ರ, ಶಾರುಖ್ ಖಾನ್ ಅವರ ‘ಜೀರೋ’ ಬಂದ ದಿನವೇ ಬಂದು ಹಿಂದಿ ಸೀಮೆಯಲ್ಲೂ ಜನರನ್ನು ಸೆಳೆದದ್ದು ಕನ್ನಡ ಚಿತ್ರೋದ್ಯಮದ ಗಾಂಧಿನಗರಕ್ಕೂ ಅಚ್ಚರಿಯೇ ಆಗಿತ್ತು.

ಸಾಯುತ್ತಿರುವ ತಾಯಿಗೆ ಮಾತು ಕೊಟ್ಟ ಬಡ ಹುಡುಗನೊಬ್ಬ ಮುಂಬೈಯ ಭೂಗತ ಲೋಕದಲ್ಲಿ ರಾಕಿಯಾಗಿ ಬೆಳೆದು, ಗರುಡನೆಂಬ ಕ್ರೂರಿಯನ್ನು ಕೊಲ್ಲಲು ನರಾಚಿಯ ಚಿನ್ನದ ಗಣಿಗೆ ಜೀತದಾಳುಗಳ ನಡುವೆ ನುಸುಳುತ್ತಾನೆ ಎಂಬುದಿಷ್ಟೇ ಕತೆ. ನಾಯಕಿಗೆ ಕತೆಯಲ್ಲಿ ಕೆಲಸವೇ ಇಲ್ಲ. ಖಳರಿಗೆ ಹೆಸರುಗಳಿವೆ, ಸ್ವಭಾವಗಳಿಲ್ಲ.

ಆದರೂ ಚಿತ್ರ ಹಿಡಿದು ನಿಲ್ಲಿಸುವುದು ಹೇಳುವ ಬಗೆಯಿಂದ. ಆನಂದ್ ಇಂಗಳಗಿ ಎಂಬ ಪತ್ರಕರ್ತನ ಪಾತ್ರದಲ್ಲಿ ಅನಂತ್ ನಾಗ್ ನಿರೂಪಕರಾಗಿದ್ದು, ಅಂದರೆ ಪ್ರೇಕ್ಷಕರಿಗೆ ಕತೆ ಒಪ್ಪಿಸುವವರಾಗಿದ್ದು, ನಾಯಕ ಏನು ಮಾಡುವ ಮೊದಲೂ ಅವನ ಖ್ಯಾತಿಯೇ ತೆರೆಯ ಮೇಲೆ ಬಂದು ನಿಲ್ಲುತ್ತದೆ. ಭುವನ್ ಗೌಡ ಅವರ ಛಾಯಾಗ್ರಹಣ ಮಸಿ, ಮಣ್ಣು, ಬೆಂಕಿಗಳ ಕೆಲವೇ ಬಣ್ಣಗಳನ್ನು ಬಿಟ್ಟು ಉಳಿದವನ್ನು ಹತ್ತಿಕ್ಕುತ್ತದೆ. ವರ್ಣವಿನ್ಯಾಸವೆಂದು ಕರೆಯುವ ಈ ಕ್ರಮದಿಂದ ಕಾಲ್ಪನಿಕ ನರಾಚಿಗೆ ನಂಬುವಂಥ ಮೈ ಬರುತ್ತದೆ. ಮುಂಬೈಯ ರಸ್ತೆಯಲ್ಲಿ ಕಂಕುಳ ಕೂಸಿನೊಡನೆ ಹೊರಟ ತಾಯಿಯೊಬ್ಬಳ ಕೈಯಿಂದ ಬನ್ನು ಜಾರಿ ಬೀಳುವ ದೃಶ್ಯವನ್ನು ಗಮನಿಸಬಹುದು: ವಾಹನಗಳ ಸಾಲನ್ನೇ ತಡೆದು ರಾಕಿ ಅದನ್ನು ಎತ್ತಿಕೊಡುತ್ತಾನೆ. ತರ್ಕಕ್ಕೆ ಒಗ್ಗದ ಈ ಸಣ್ಣ ಘಟನೆಯನ್ನು ನಿಧಾನಗತಿಯ ಚಿತ್ರಣ ಮತ್ತು ರವಿ ಬಸ್ರೂರು ಅವರ ಸಂಗೀತ ಸೇರಿ ಪುರಾಣದ ಎತ್ತರಕ್ಕೆ ಏರಿಸುತ್ತವೆ. ನೋಡುವವರು ನಗಬೇಕಾದಲ್ಲಿ ಶಿಳ್ಳೆ ಹೊಡೆಯುತ್ತಾರೆ. 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಚಿತ್ರಕ್ಕೆ ದೊರೆತವು ಸಾಹಸ ನಿರ್ದೇಶನ ಮತ್ತು ವಿಶೇಷ ದೃಶ್ಯಪರಿಣಾಮಗಳ ಗೌರವಗಳೇ ಹೊರತು ಕತೆ-ಚಿತ್ರಕತೆಯದ್ದಲ್ಲ ಎಂಬುದು ಸರಿಯಾದ ಅಳತೆಯೇ.

ಹೆಸರು ಕೊಟ್ಟ ಊರಾದ ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಮಟ್ಟಿಗೆ ಮಾತ್ರ ಚಿತ್ರಕ್ಕೆ ಇಷ್ಟು ರಿಯಾಯಿತಿ ಕೊಡಲಾಗದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಪಡೆದು, 2001ರ ಫೆಬ್ರುವರಿ 28ರಂದು ಮುಚ್ಚಿಹೋದ ಕೋಲಾರದ ಗಣಿಗಳಲ್ಲಿ ತಮಿಳು, ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರು ತಲೆಮಾರುಗಟ್ಟಲೆ ದುಡಿದಿದ್ದಾರೆ. ಗಣಿಯ ತ್ಯಾಜ್ಯದಿಂದ ಎದ್ದ ಸೈನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣ ನಡೆದರೂ ಆ ಜನರ ಬದುಕಿನ ಎಳೆಯೊಂದೂ ಚಿತ್ರದೊಳಗೆ ಸೇರಿಲ್ಲ.

2022ರ ಏಪ್ರಿಲ್ 14ರಂದು ಬಂದ ಎರಡನೆಯ ಭಾಗ ಹಣದ ಲೆಕ್ಕದಲ್ಲಿ ಮೊದಲನೆಯದನ್ನು ಬಹುದೂರ ಮೀರಿಸಿತು. ಆದರೆ ಅಷ್ಟರಲ್ಲಿ ನಿರೀಕ್ಷೆಯೂ ಬೆಳೆದಿದ್ದರಿಂದ ಬಂದೂಕುಗಳ ಗಾತ್ರ ಹಿಗ್ಗಿದ ಮಾತ್ರಕ್ಕೆ ಆ ಮೊದಲ ಅಚ್ಚರಿ ಮರಳಲಿಲ್ಲ. ಎರಡರಲ್ಲಿ ಒಂದನ್ನೇ ನೋಡುವವರಿಗೆ ಮೊದಲ ಭಾಗವೇ ಸಾಕು.