ಬರಿದಾದ ಡಬ್ಬಿಯ ಬೆಲೆ

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಐನೂರೈವತ್ತು ಅಡಿಗಳಿಗೂ ಮಿಗಿಲಾದ ಎತ್ತರದ ಸ್ಮಾರಕಸ್ತಂಭವೊಂದಿದೆ. 1884ರಲ್ಲಿ ಅದರ ನೆತ್ತಿಯ ಮೇಲೆ ಲೋಹದ ಪುಟ್ಟ ಶಿಖರವೊಂದನ್ನು ಇರಿಸಲಾಯಿತು. ಅದು ಚಿನ್ನದ್ದಲ್ಲ, ಬೆಳ್ಳಿಯದೂ ಅಲ್ಲ; ಅಲ್ಯೂಮಿನಿಯಂನದು. ಆ ಕಾಲದಲ್ಲಿ ಈ ಲೋಹವು ಹೆಚ್ಚುಕಡಿಮೆ ಬೆಳ್ಳಿಯ ಬೆಲೆಗೆ ಮಾರಾಟವಾಗುತ್ತಿತ್ತು. ಇಂದಾದರೋ ಅದೇ ಲೋಹದ ಡಬ್ಬಿಗಳಲ್ಲಿ ತಂಪು ಪಾನೀಯಗಳು ಬರುತ್ತವೆ. ಕುಡಿದವರು ಬರಿದಾದ ಡಬ್ಬಿಯನ್ನು ದಾರಿಯ ಬದಿಗೆ ಎಸೆದು ಹೋಗುವುದೂ ಉಂಟು. ಬೆಳ್ಳಿಗೆ ಸಮನಾಗಿದ್ದ ವಸ್ತು ಕಸವಾದುದು ಹೇಗೆ?

ಅಲ್ಯೂಮಿನಿಯಂ ಅಪರೂಪದ ಲೋಹವಲ್ಲ. ಭೂಮಿಯ ಹೊರಪದರದ ತೂಕದಲ್ಲಿ ಶೇಕಡಾ ಎಂಟರಷ್ಟು ಅದೇ ಇದೆ. ಆದರೆ ಅದು ಆಮ್ಲಜನಕದೊಡನೆ ಬಲವಾಗಿ ಬೆಸೆದುಕೊಂಡಿರುವುದರಿಂದ ಬೇರ್ಪಡಿಸುವುದು ಬಹು ಕಷ್ಟ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ಇದಕ್ಕೆ ಒಂದೇ ಉಪಾಯವನ್ನು ಕಂಡುಹಿಡಿದರು. ಬಾಕ್ಸೈಟ್ ಅದಿರಿನಿಂದ ದೊರೆತ ಅಲ್ಯುಮಿನಾ ಪುಡಿಯನ್ನು ಕರಗಿದ ಕ್ರಯೊಲೈಟಿನಲ್ಲಿ ಬೆರೆಸಿ, ಅದರಲ್ಲಿ ವಿದ್ಯುತ್ತನ್ನು ಹರಿಸಿದರೆ ಲೋಹವು ಬೇರ್ಪಟ್ಟು ತಳದಲ್ಲಿ ಸೇರುತ್ತದೆ. ಅಂದಿನಿಂದ ಅಲ್ಯೂಮಿನಿಯಂ ಅಗ್ಗವಾಯಿತು.

ಆದರೆ ಅಗ್ಗವಾದುದು ಪೇಟೆಯ ಬೆಲೆ ಮಾತ್ರ. ಪ್ರಕೃತಿ ತೆರುವ ಬೆಲೆ ತಗ್ಗಲಿಲ್ಲ. ಒಂದು ಕಿಲೋಗ್ರಾಂ ಲೋಹವನ್ನು ಪಡೆಯಲು ಸುಮಾರು ನಾಲ್ಕು ಕಿಲೋಗ್ರಾಂ ಅದಿರನ್ನು ಅಗೆಯಬೇಕು. ಸುಮಾರು 14 ಯೂನಿಟ್ ವಿದ್ಯುತ್ತನ್ನು ವ್ಯಯಿಸಬೇಕು. ಅದಿರನ್ನು ಶುದ್ಧಿಗೊಳಿಸುವಾಗ ಕ್ಷಾರಯುಕ್ತವಾದ ಕೆಂಪು ಕೆಸರು ಉಳಿಯುತ್ತದೆ. 2010ರ ಅಕ್ಟೋಬರ್ 4ರಂದು ಹಂಗೆರಿ ದೇಶದ ಐಕಾ ಪಟ್ಟಣದ ಸಮೀಪದಲ್ಲಿ ಇಂಥ ಕೆಸರಿನ ಕಟ್ಟೆ ಒಡೆದು ಹಳ್ಳಿಗಳ ಮೇಲೆ ಹರಿಯಿತು. ಹತ್ತು ಮಂದಿ ಪ್ರಾಣ ಕಳೆದುಕೊಂಡರು.

ಬಳಸಿದ ಡಬ್ಬಿಯಿಂದಲೇ ಹೊಸ ಡಬ್ಬಿಯನ್ನು ಮಾಡಿದರೆ ಗಣಿಯೂ ಬೇಡ, ಕೆಸರೂ ಇಲ್ಲ. ಹಳೆಯ ಡಬ್ಬಿಗಳನ್ನು ಚೂರು ಮಾಡಿ, ಬಿಸಿಗಾಳಿಯಿಂದ ಬಣ್ಣವನ್ನು ತೆಗೆದು, ಕುಲುಮೆಯಲ್ಲಿ ಕರಗಿಸುತ್ತಾರೆ. 660 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅಲ್ಯೂಮಿನಿಯಂ ಕರಗುತ್ತದೆ. ಎರಕದ ಗಟ್ಟಿಗಳನ್ನು ತಗಡಾಗಿ ಹಿಗ್ಗಿಸಿದರೆ ಮತ್ತೆ ಡಬ್ಬಿ ಸಿದ್ಧ. ಹೊಸ ಲೋಹಕ್ಕೆ ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 95ರಷ್ಟು ಇದರಿಂದ ಉಳಿಯುತ್ತದೆ. ಹದಿನಾಲ್ಕು ಗ್ರಾಂ ತೂಗುವ ಒಂದೇ ಒಂದು ಡಬ್ಬಿ ಮರಳಿ ಬಂದರೆ, 10 ವಾಟಿನ ದೀಪವೊಂದು ಸುಮಾರು ಹದಿನೆಂಟು ಗಂಟೆ ಉರಿಯುವಷ್ಟು ಶಕ್ತಿ ಉಳಿದಂತೆ!

ವಿಜ್ಞಾನವು ತನ್ನ ಕೆಲಸವನ್ನು ಮುಗಿಸಿದೆ. ಉಳಿದಿರುವ ಸಮಸ್ಯೆ ಒಂದೇ: ಮನೆ, ಅಂಗಡಿ, ಬೀದಿಗಳಲ್ಲಿ ಚದುರಿದ ಡಬ್ಬಿಯನ್ನು ಕುಲುಮೆಗೆ ತಲುಪಿಸುವುದು ಹೇಗೆ? ಅಮೆರಿಕದ ಆರೆಗಾನ್ ರಾಜ್ಯವು 1971ರಲ್ಲಿ ಇದಕ್ಕಾಗಿ ಒಂದು ಕಾಯಿದೆಯನ್ನು ಮಾಡಿತು. ಅದರಂತೆ ಪಾನೀಯವನ್ನು ಕೊಳ್ಳುವವನು ಡಬ್ಬಿಗೆ ಐದು ಸೆಂಟುಗಳ ಠೇವಣಿಯನ್ನು ಕೊಡಬೇಕು. ಬರಿದಾದ ಡಬ್ಬಿಯನ್ನು ಯಾರು ಹಿಂದಿರುಗಿಸಿದರೂ ಆ ಹಣ ಅವರಿಗೆ ಸಲ್ಲುತ್ತದೆ. ಒಬ್ಬನು ಎಸೆದರೂ ಮತ್ತೊಬ್ಬನು ಆಯ್ದು ತರುವನು. ಕಾಲ ಕಳೆದಂತೆ ಐದು ಸೆಂಟುಗಳ ಮೌಲ್ಯ ಕುಗ್ಗಿತು. ಹಿಂದಿರುಗುವ ಪ್ರಮಾಣವೂ ಶೇಕಡಾ 65ಕ್ಕಿಂತ ಕೆಳಗಿಳಿಯಿತು. 2017ರಲ್ಲಿ ಠೇವಣಿಯನ್ನು ಹತ್ತು ಸೆಂಟುಗಳಿಗೆ ಏರಿಸಿದ ಬಳಿಕ ಅದು ಶೇಕಡಾ 80ನ್ನು ದಾಟಿತು. ಠೇವಣಿಯ ಕಾಯಿದೆಯಿಲ್ಲದ ರಾಜ್ಯಗಳೇ ಹೆಚ್ಚಾಗಿರುವ ಆ ದೇಶದಲ್ಲಿ, ಒಟ್ಟಾರೆ ಅರ್ಧದಷ್ಟು ಡಬ್ಬಿಗಳೂ ಕುಲುಮೆಗೆ ಮರಳುತ್ತಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಣದಷ್ಟೇ ಅನುಕೂಲವೂ ಮುಖ್ಯ. ಜರ್ಮನಿಯಲ್ಲಿ 2003ರಿಂದ ಡಬ್ಬಿಗೆ 25 ಸೆಂಟುಗಳ ಠೇವಣಿಯಿದೆ. ಡಬ್ಬಿಯನ್ನು ಮಾರುವ ಅಂಗಡಿಗಳೇ ಅದನ್ನು ಮರಳಿ ಪಡೆಯಬೇಕು. ಕೊಂಡಲ್ಲಿಯೇ ಕೊಡುವ ಸೌಕರ್ಯವಿರುವುದರಿಂದ ಅಲ್ಲಿ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಡಬ್ಬಿಗಳು ಹಿಂದಿರುಗುತ್ತವೆ. ಈ ಪದ್ಧತಿ ನಮಗೂ ಅಪರಿಚಿತವಲ್ಲ. ಪಾನೀಯದ ಗಾಜಿನ ಸೀಸೆಗೆ ಅಂಗಡಿಯವರು ಠೇವಣಿ ಹಿಡಿಯುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಯಬಹುದು.

ಬ್ರೆಜಿಲ್ ದೇಶದ ಕತೆ ಬೇರೆ. ಠೇವಣಿಯ ಕಾಯಿದೆಯಿಲ್ಲದಿದ್ದರೂ ಅಲ್ಲಿ ಬಹುತೇಕ ಎಲ್ಲ ಡಬ್ಬಿಗಳೂ ಕುಲುಮೆಯನ್ನು ಸೇರುತ್ತವೆ. ಬೀದಿಬೀದಿ ಅಲೆದು ಅವನ್ನು ಆಯುವ ಬಡ ಶ್ರಮಿಕರೇ ಇದಕ್ಕೆ ಕಾರಣ. ನಮ್ಮ ನಾಡಿನಲ್ಲಿಯೂ ಚಿಂದಿ ಆಯುವವರು ಮತ್ತು ಗುಜರಿ ವ್ಯಾಪಾರಿಗಳು ಇದೇ ಸೇವೆಯನ್ನು ಸಲ್ಲಿಸುತ್ತಿದ್ದಾರೆ. ಲೋಹದ ಬೆಲೆ ಕುಸಿದ ದಿನ ಅವರ ಕೂಳೂ ಕುಸಿಯುತ್ತದೆ. ಬ್ರೆಜಿಲ್ 2010ರ ತನ್ನ ತ್ಯಾಜ್ಯ ಕಾಯಿದೆಯಲ್ಲಿ ಇಂಥ ಶ್ರಮಿಕರ ಸಹಕಾರ ಸಂಘಗಳಿಗೆ ಸ್ಥಾನವನ್ನು ಕಲ್ಪಿಸಿತು. ಊರನ್ನು ಶುಚಿಯಾಗಿಡುವವರ ಹಸಿವನ್ನು ನಂಬಿ ಕುಳಿತುಕೊಳ್ಳುವುದು ವ್ಯವಸ್ಥೆಯಲ್ಲ. ಅವರ ದುಡಿಮೆಗೆ ನ್ಯಾಯವಾದ ಪ್ರತಿಫಲ ದೊರೆಯಬೇಕು.

ಕಾಯಿದೆ ಸರಕಾರದ ಕೆಲಸ. ಆದರೆ ಡಬ್ಬಿಯ ಪಯಣ ಆರಂಭವಾಗುವುದು ಕುಡಿದವನ ಕೈಯಿಂದ. ಬರಿದಾದ ಡಬ್ಬಿಯನ್ನು ತೊಳೆದು, ಹಸಿ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿಟ್ಟು, ಒಣಕಸ ಒಯ್ಯುವವರಿಗೋ ಗುಜರಿಯವರಿಗೋ ಕೊಡುವುದು ಯಾರಿಗೂ ಭಾರವಲ್ಲ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬುದು ನಮ್ಮವರ ಅನುಭವದ ಮಾತು. ಎಪ್ಪತ್ತು ಡಬ್ಬಿಗಳು ಕೂಡಿದರೆ ಒಂದು ಕಿಲೋಗ್ರಾಂ ಲೋಹ. ಅಷ್ಟು ಲೋಹ ಮರಳಿದರೆ ನಾಲ್ಕು ಕಿಲೋಗ್ರಾಂ ಅದಿರು ನೆಲದಲ್ಲಿಯೇ ಉಳಿಯುತ್ತದೆ.