ಅಂಕಣದ ಲೆಕ್ಕ: ಅಣ್ಣಿಗೇರಿಯ ಗುಡಿ ಮತ್ತು ಅದೇ ಕಾಲದ ಯುರೋಪು

ನವಲಗುಂದದ ಕಡೆಯ ಹಳ್ಳಿಗಳಲ್ಲಿ ಹಿಂದೆ ಮನೆಯ ಅಳತೆಯನ್ನು ಯಾರೂ ಚದರಡಿಯಲ್ಲಿ ಹೇಳುತ್ತಿರಲಿಲ್ಲ. ‘ಎಷ್ಟ ಅಂಕಣದ ಮನಿ?’ ಎಂದೇ ಕೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು ಹಾಕಿದರೆ ಮಾಳಿಗೆ ಸಿದ್ಧ. ಆ ಕಂಬಗಳ ನಡುವಿನ ಜಾಗವೇ ಅಂಕಣ. ತೊಲೆ ಎಷ್ಟು ಉದ್ದ ಸಿಕ್ಕಿತೋ ಅಂಕಣವೂ ಅಷ್ಟೇ ಅಗಲ.

ಅಣ್ಣಿಗೇರಿಯ ಅಮೃತೇಶ್ವರ ಗುಡಿಯೊಳಗೆ ಕಾಲಿಟ್ಟರೆ ಇದೇ ಲೆಕ್ಕ ಕಲ್ಲಿನಲ್ಲಿ ಎದುರಾಗುತ್ತದೆ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ, ಸುಮಾರು 1050ರಲ್ಲಿ ಎದ್ದ ಈ ಗುಡಿಯ ಮಾಡನ್ನು 76 ಕಂಬಗಳು ಹೊತ್ತಿವೆ. ಅಷ್ಟೊಂದು ಕಂಬ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಕಲ್ಲಿನ ಗುಣದಲ್ಲೇ ಇದೆ. ಕಲ್ಲು ಒತ್ತಡವನ್ನು ತಡೆದಷ್ಟು ಎಳೆತವನ್ನು ತಡೆಯಲಾರದು. ಅಡ್ಡ ಇಟ್ಟ ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಜಗ್ಗುತ್ತದೆ. ಮರದ ತೊಲೆಯಾದರೆ ಬಾಗಿ ಎಚ್ಚರಿಸುತ್ತದೆ. ಕಲ್ಲಿನದು ಒಮ್ಮೆಲೇ ಮುರಿಯುತ್ತದೆ. ಇಂದಿನ ಸ್ಲ್ಯಾಬಿನಲ್ಲಿ ಆ ಎಳೆತವನ್ನು ತಡೆಯಲೆಂದೇ ಕಬ್ಬಿಣದ ಸರಳು ಹಾಕುತ್ತಾರೆ. ಹನ್ನೊಂದನೆಯ ಶತಮಾನದ ಶಿಲ್ಪಿಗೆ ಇದ್ದ ದಾರಿ ಒಂದೇ: ಅಂಕಣವನ್ನು ಕಿರಿದು ಮಾಡಿ, ಕಂಬಗಳನ್ನು ಹೆಚ್ಚಿಸುವುದು.

ಅದೇ ವರ್ಷಗಳಲ್ಲಿ ಯುರೋಪಿನ ಕಲ್ಲುಕುಟಿಗರೂ ಇದೇ ಚಿಂತೆಯಲ್ಲಿದ್ದರು. ಅಲ್ಲಿನ ಇಗರ್ಜಿಗಳಿಗೆ ಬಹುಕಾಲ ಮರದ ಮಾಡೇ ಇತ್ತು. ಒಂದು ಕಿಡಿ ಬಿದ್ದರೂ ಸುಟ್ಟುಹೋಗುವಂಥದ್ದು. ಕಲ್ಲಿನ ಮಾಡಿಗಾಗಿ ಅವರು ರೋಮನರಿಂದ ಬಂದ ಅರ್ಧವೃತ್ತದ ಕಮಾನನ್ನು ಹಿಡಿದರು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತಿಕೊಂಡೇ ನಿಲ್ಲುತ್ತದೆ, ಎಳೆತದ ಮಾತೇ ಬರುವುದಿಲ್ಲ. ಹೀಗಾಗಿ ಜರ್ಮನಿಯ ಸ್ಪೇಯರ್ ಇಗರ್ಜಿಯ ನಡುಸಾಲೆಯ ಮೇಲೆ ಸುಮಾರು 33 ಮೀಟರ್ ಎತ್ತರದಲ್ಲಿ ಕಲ್ಲಿನ ಮಾಡು ನಿಂತಿತು. ಆ ಉದ್ದನೆಯ ಸಾಲೆಯನ್ನೂ ಅಂಕಣ ಅಂಕಣವಾಗಿಯೇ ಕಟ್ಟಿದ್ದಾರೆ.

ಆದರೆ ಕಮಾನು ತನ್ನ ಭಾರವನ್ನು ನೆಟ್ಟಗೆ ಕೆಳಗಿಳಿಸುವುದಿಲ್ಲ, ಎರಡೂ ಬದಿಯ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳಾಟ ತಡೆಯಲು ಗೋಡೆ ದಪ್ಪವಾಗಬೇಕು, ಕಿಟಕಿ ಸಣ್ಣದಾಗಬೇಕು. ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದು ಫ್ರಾನ್ಸಿನ ಕ್ಲೂನಿಯಲ್ಲಿ ತಿಳಿಯಿತು. 1088ರಲ್ಲಿ ಆರಂಭವಾದ ಅಲ್ಲಿನ ಮಹಾ ಇಗರ್ಜಿಯ ಕಲ್ಲುಮಾಡಿನ ಒಂದು ಭಾಗ 1125ರಲ್ಲಿ ಕುಸಿದುಬಿತ್ತು.

ಕನ್ನಡ ನಾಡಿನ ಶಿಲ್ಪಿಗಳು ಗುಡಿಗಳಲ್ಲಿ ಈ ಕಮಾನಿನ ಗೊಡವೆಗೆ ಹೋಗಲಿಲ್ಲ. ಅಂಕಣದ ನಾಲ್ಕು ಮೂಲೆಗೆ ಮುಕ್ಕೋನದ ಚಪ್ಪಡಿ ಇಟ್ಟರು, ಉಳಿದ ಕಿಂಡಿಯ ಮೇಲೆ ಮತ್ತೊಂದು ಸುತ್ತು ಒಳಚಾಚಿ ಇಟ್ಟರು, ಕೊನೆಗೆ ಅರಳಿದ ತಾವರೆಯ ಕಲ್ಲಿನಿಂದ ಬಾಯಿ ಮುಚ್ಚಿದರು. ಗಾರೆ ಇಲ್ಲ. ಭಾರವೆಲ್ಲ ನೆಟ್ಟಗೆ ಕಂಬಕ್ಕೆ ಇಳಿಯುತ್ತದೆ. ತಡೆಯಬೇಕಾದ ತಳ್ಳಾಟವೇ ಇಲ್ಲದ್ದರಿಂದ ಮಂಟಪಗಳ ಬದಿಗಳನ್ನು ತೆರೆದೇ ಬಿಡಬಹುದಾಯಿತು. ರೋಮನೆಸ್ಕ್ ಎಂದು ಕರೆಯುವ ಆ ಕಮಾನಿನ ಇಗರ್ಜಿಗಳ ಒಳಗೆ ಬೆಳಕು ಸೀಳಾಗಿ ಇಳಿದರೆ, ಚಾಲುಕ್ಯರ ತೆರೆದ ಮಂಟಪದಲ್ಲಿ ಕಂಬಗಳ ನಡುವಿನಿಂದ ಧಾರಾಳವಾಗಿ ಹರಿಯುತ್ತದೆ.

ಅಣ್ಣಿಗೇರಿಯ ನಿಜವಾದ ಸಾಹಸ ಇರುವುದು ಕಲ್ಲಿನ ಆಯ್ಕೆಯಲ್ಲಿ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಬಳಸಿದ್ದು ಮರಳುಗಲ್ಲು. ಅದು ದೊಡ್ಡ ದೊಡ್ಡ ದಿಮ್ಮಿಗಳಾಗಿ ಸಿಗುತ್ತದೆ, ಆದರೆ ಉಳಿಗೆ ಒರಟು. ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಚಾಲುಕ್ಯ ಗುಡಿಗಳಲ್ಲಿ ಒಂದೆಂದು ವಿದ್ವಾಂಸರು ಅಮೃತೇಶ್ವರವನ್ನು ಎಣಿಸುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಇದು ಇಲ್ಲಿನ ನೆಲದ್ದೇ ಕೂಸು: ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಗುರುತಿಸಿ ‘ಧಾರವಾಡ’ ಎಂದೇ ಹೆಸರಿಟ್ಟ ಹಳೆಯ ಶಿಲಾಪದರಗಳ ಬಳಗಕ್ಕೆ ಅದು ಸೇರಿದೆ.

ಮೆದು ಕಲ್ಲು ಸಿಕ್ಕಿದ ಮೇಲೆ ಕೆಲಸದ ಬಗೆಯೇ ಬದಲಾಯಿತು. ಕಂಬವನ್ನು ತಿರುಗಿಸಿ, ಚಾಣ ಹಿಡಿದು ಕಡೆಯುವ ವಿದ್ಯೆ ಬೆಳೆಯಿತು. ಕುಂದಗೋಳದ ಶಂಭುಲಿಂಗ ಗುಡಿಯಲ್ಲಿಯೂ ಇಂಥ ಕಡೆದ ಕಂಬಗಳಿವೆ. ಬಳೆ ಜೋಡಿಸಿದಂಥ ಅಂಚುಗಳ ಮೇಲೆ ಕೈಯಾಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ 1093ರಲ್ಲಿ ಆರಂಭವಾದ ಡರಮ್ ಇಗರ್ಜಿಯ ಕಂಬಗಳು ಸುಮಾರು ಎರಡು ಮೀಟರ್ ಅಡ್ಡಳತೆಯವು. ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಆ ಕಂಬಗಳ ಮೈಮೇಲೆ ಅಲ್ಲಿನವರು ಅಂಕುಡೊಂಕು ಗೆರೆಗಳನ್ನು ಕೊರೆದರು. ಅವುಗಳ ಗಾತ್ರಕ್ಕೆ ತಲೆದೂಗಲೇಬೇಕು. ಆದರೂ ನಯದ ಮಾತು ಬಂದಾಗ ಅಣ್ಣಿಗೇರಿ ಸೀಮೆಯ ಕುಶಲಿಗರ ಕೈ ಮೇಲು.

ಈ ಎರಡೂ ಪರಂಪರೆಗಳಿಗೆ ಇಂದಿನ ಹೆಸರು ಬಂದದ್ದು ಏಳೆಂಟು ನೂರು ವರ್ಷಗಳ ನಂತರ. ‘ರೋಮನೆಸ್ಕ್’ ಎಂಬ ಪದ ಬಳಕೆಗೆ ಬಂದದ್ದು 19ನೆಯ ಶತಮಾನದ ಆರಂಭದಲ್ಲಿ. ‘ಚಾಲುಕ್ಯ ಶೈಲಿ’ ಎಂಬ ಮಾತನ್ನು ರೂಢಿಗೆ ತಂದವನು ಅದೇ ಶತಮಾನದ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗ್ಯೂಸನ್. ಊರಿನ ಹಿರಿಯರಿಗೆ ಇವೆರಡೂ ಬೇಡ, ನುಣುಪಾಗಿ ಕೆತ್ತಿದ ಗುಡಿ ಕಂಡರೆ ದಂತಕಥೆಯ ಶಿಲ್ಪಿ ಜಕಣಾಚಾರಿ ಕಟ್ಟಿದ್ದು ಎನ್ನುತ್ತಾರೆ. ಆದರೆ ಶಾಸನದಲ್ಲಿ ಉಳಿದ ಹೆಸರುಗಳೂ ಉಂಟು. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಅನಿವಾರಿತಾಚಾರಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದು ಅಲ್ಲಿನ ಕಲ್ಲಿನಲ್ಲೇ ಇದೆ. ಫ್ರಾನ್ಸಿನ ಓತಾಂ ಇಗರ್ಜಿಯ ಬಾಗಿಲ ಮೇಲೆ ಗಿಸ್ಲೆಬೆರ್ತುಸ್ ಎಂಬ ಹೆಸರು ಕೊರೆದಿದೆ.

ಬಳಪದ ಕಲ್ಲಿನ ಆಯ್ಕೆ ಅಣ್ಣಿಗೇರಿಗೇ ನಿಲ್ಲಲಿಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಅದರ ಕೆತ್ತನೆ ಇನ್ನೂ ಸೂಕ್ಷ್ಮವಾಯಿತು. 1112ರ ಇಟಗಿಯ ಮಹಾದೇವ ಗುಡಿಯನ್ನು ಅಲ್ಲಿನ ಶಾಸನ ದೇವಾಲಯ ಚಕ್ರವರ್ತಿ ಎಂದೇ ಕರೆಯಿತು. ಐದು ವರ್ಷಗಳ ಬಳಿಕ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಅಲ್ಲಿನ ನವರಂಗದಲ್ಲಿ ನಿಂತದ್ದೂ ಬಳಪದ ಕಲ್ಲಿನ ಕಡೆದ ಕಂಬಗಳೇ.